ನಲ್ಲಿಯ ರಿಪೇರಿಯೂ ನಮ್ಮ ಸಂಬಳವೂ

(ಸಂಘದ ಉಚಿತ ವಾಚನಾಲಯದ ತಿಂಗಳ ಭಾಷಣಮಾಲೆಯಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಭಾಷಣಮಾಲೆಯಲ್ಲಿ ಸಾಹಿತ್ಯ, ಸಂಗೀತ, ಶರಣರ ಸಂದೇಶ ಮುಂತಾದ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ಅಂಥ ಜಾಗದಲ್ಲಿ ನಿಂತು ಸೋರುವ ನಲ್ಲಿಯ ಮಾತು ಎತ್ತಿಕೊಂಡರೆ ತಾವು ನಗಬಹುದು. ನಗಲು ನನ್ನ ಅಡ್ಡಿಯಿಲ್ಲ. ಆದರೆ ತಿಂಗಳ ಇಪ್ಪತ್ತನೆಯ ತಾರೀಖು ದಾಟಿದ ಮೇಲೆ ಬಚ್ಚಲ ಪೈಪು ಒಡೆದರೆ ನಮ್ಮಲ್ಲಿ ಯಾರಿಗೂ ನಗು ಬರುವುದಿಲ್ಲ. ಆಗ ಪ್ಲಂಬರನನ್ನು ಕರೆಯಬೇಕು, ಅವನು ಎಷ್ಟು ಕೇಳುತ್ತಾನೋ ತಿಳಿಯದು, ಕೇಳಿದ್ದು ಸರಿಯೋ ತಪ್ಪೋ ಅದೂ ತಿಳಿಯದು. ಮಕ್ಕಳ ಫೀಸಿಗೋ ಊರಿಗೆ ಕಳಿಸುವುದಕ್ಕೋ ತೆಗೆದಿಟ್ಟ ಹಣ ಕೈಬಿಡುತ್ತದೆ. ನಾನು ಪೈಪು ಜೋಡಿಸುವವನಲ್ಲ, ಲೆಕ್ಕ ಬರೆಯುವ ಗುಮಾಸ್ತ. ಆದ್ದರಿಂದ ಈ ಖರ್ಚನ್ನು ಲೆಕ್ಕದವನ ಕಣ್ಣಿನಿಂದಲೇ ತಮ್ಮ ಮುಂದೆ ಬಿಡಿಸಿ ಇಡುತ್ತೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಪ್ಲಂಬರನ ಬಿಲ್ಲಿನ ಅರ್ಧ ಭಾಗ ಅವನು ಮನೆಗೆ ಬರುವ ಮೊದಲೇ ನಿರ್ಧಾರವಾಗಿರುತ್ತದೆ, ಅದನ್ನು ನಿರ್ಧರಿಸುವವರು ನಾವೇ.

ನಮ್ಮಲ್ಲಿ ವಿಜಯಪುರ, ಕಲಬುರಗಿ ಕಡೆಯವರು ನಳ ಎನ್ನುತ್ತಾರೆ, ಮೈಸೂರು ಕಡೆಯವರು ನಲ್ಲಿ ಎನ್ನುತ್ತಾರೆ. ಹೆಸರು ಏನೇ ಇರಲಿ, ಮುಂಬಯಿಯಲ್ಲಿ ಅದರೊಳಗೆ ಬರುವ ನೀರು ದೂರದ್ದು. ೧೮೬೦ರಲ್ಲಿ ವಿಹಾರ ಕೆರೆ ಆಗುವವರೆಗೆ ಈ ಊರಿನವರು ಬಾವಿ, ಹೊಂಡಗಳ ನೀರನ್ನೇ ನೆಚ್ಚಿಕೊಂಡಿದ್ದರು. ಆಮೇಲೆ ತುಳಸಿ, ತಾನ್ಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ ಬಂದವು. ೨೦೧೪ರಲ್ಲಿ ಮಧ್ಯ ವೈತರಣಾ ಸೇರಿ ಒಟ್ಟು ಏಳು ಜಲಾಶಯಗಳಾದವು. ಠಾಣೆ, ಪಾಲ್ಘರ್, ನಾಸಿಕ್ ಜಿಲ್ಲೆಗಳ ಮಳೆಯ ನೀರು ಕೊಳವೆಗಳಲ್ಲಿ ಅಷ್ಟು ದೂರ ಬಂದು, ಕೊನೆಯಲ್ಲಿ ನಮ್ಮ ಮನೆಯ ಅರ್ಧ ಇಂಚಿನ ನಲ್ಲಿಯ ತುದಿಯಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ೮೬,೪೦೦ ಹನಿ. ಹದಿನೈದು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ ನಾಲ್ಕರಿಂದ ಆರು ಲೀಟರು. ಹನಿಗೂಡಿದರೆ ಹಳ್ಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ಮಜೂರಿಯ ಮಾತಿಗೆ ಬರೋಣ. ನಮ್ಮವರ ಸಾಮಾನ್ಯ ದೂರು ಏನೆಂದರೆ, "ಹತ್ತು ನಿಮಿಷದ ಕೆಲಸಕ್ಕೆ ಮುನ್ನೂರು ರೂಪಾಯಿ ತೆಗೆದುಕೊಂಡ!" ಈ ಹತ್ತು ನಿಮಿಷವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲೆಕ್ಕಕ್ಕಾಗಿ ಒಂದು ನಲ್ಲಿ ಬದಲಿಸುವ ಮಜೂರಿ ೩೦೦ ರೂಪಾಯಿ ಎಂದು ಇಟ್ಟುಕೊಳ್ಳಿ. ತಮ್ಮ ಪೇಟೆಯಲ್ಲಿ ಇದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು. ಲೆಕ್ಕದ ರೀತಿ ಒಂದೇ. ಫೋನು ಬಂದ ಮೇಲೆ ಆತ ನಮ್ಮ ಮನೆಗೆ ಬರಲು ಅರ್ಧ ಗಂಟೆ. ನೋಡಿ, ಅಳತೆ ತಿಳಿದು, ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬರಲು ಇನ್ನರ್ಧ ಗಂಟೆ. ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ನೀರು ಬಿಟ್ಟು ಪರೀಕ್ಷೆ ಮಾಡಲು ಅರ್ಧ ಗಂಟೆ. ಮುಂದಿನ ಕೆಲಸದ ದಾರಿ, ಕಾಯುವುದು ಎಲ್ಲ ಸೇರಿ ಮತ್ತೊಂದು ಅರ್ಧ ಗಂಟೆ. ಹೀಗೆ ಎರಡು ಗಂಟೆ ಆಯಿತು. ದಿನಕ್ಕೆ ಇಂಥ ಮೂರು ಕೆಲಸ ಸಿಕ್ಕರೆ ೯೦೦ ರೂಪಾಯಿ. ಬಸ್ಸು, ರೈಲು, ಫೋನು, ಹ್ಯಾಕ್ಸಾ ಬ್ಲೇಡು, ಸವೆಯುವ ಪಾನಾಗಳು ಎಂದು ೧೫೦ ಕಳೆದರೆ ೭೫೦ ಉಳಿಯಿತು. ತಿಂಗಳಲ್ಲಿ ಇಪ್ಪತ್ತೆರಡು ದಿನ ಕೆಲಸ ಸಿಕ್ಕಿತು ಎನ್ನಿ, ೧೬,೫೦೦ ರೂಪಾಯಿ. ಇದರ ಮೇಲೆ ಪ್ರಾವಿಡೆಂಟ್ ಫಂಡು ಇಲ್ಲ, ಬೋನಸ್ಸು ಇಲ್ಲ, ಜ್ವರ ಬಂದ ದಿನದ ಸಂಬಳವಿಲ್ಲ. ಸಂಬಳದ ಚೀಟಿ ನೋಡಿ ಗೊತ್ತಿರುವ ನಮಗೆ ಈ ಅಂಕಿಯ ಅರ್ಥ ಬೇರೆಯವರು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಮುಂಬಯಿ, ದೆಹಲಿ, ಬೆಂಗಳೂರು ಎಲ್ಲಿಯೇ ಹೋಗಿ, ಒರಿಸ್ಸಾದ, ಅಂದರೆ ಈಗಿನ ಒಡಿಶಾದ, ಪ್ಲಂಬರುಗಳು ಬಹಳ ಮಂದಿ ಸಿಗುತ್ತಾರೆ. ಅಲ್ಲಿನ ಕೇಂದ್ರಪಾಡಾ ಜಿಲ್ಲೆಯ ಪಟ್ಟಾಮುಂಡಾಯಿ ಎಂಬ ಊರಿನ ಸುತ್ತಮುತ್ತಲಿನಿಂದ ಮನೆಮನೆಯ ಗಂಡಸರು ಈ ವೃತ್ತಿ ಹಿಡಿದು ದೇಶವೆಲ್ಲ ಹರಡಿದ್ದಾರೆ. ಅಣ್ಣ ತಮ್ಮನಿಗೆ, ಮಾವ ಅಳಿಯನಿಗೆ ಕಲಿಸಿ ಬೆಳೆಸಿದ ವಿದ್ಯೆ ಅದು. ಈಗ ಆ ಊರಲ್ಲೇ ಸರಕಾರದ ಪ್ಲಂಬಿಂಗ್ ತರಬೇತಿ ಸಂಸ್ಥೆಯೂ ಇದೆ. ನಮ್ಮ ಕರಾವಳಿಯವರು ಹೋಟೆಲಿನ ಕೆಲಸ ಹಿಡಿದು ಈ ಊರಿಗೆ ಬಂದಂತೆಯೇ ಅವರೂ ಬಂದವರು. ಊರಿಗೆ ಹಣ ಕಳಿಸುವ ಚಿಂತೆ, ಒಂದು ಖೋಲಿಯಲ್ಲಿ ಆರು ಮಂದಿ ಮಲಗುವ ಕಷ್ಟ, ತಾಯಿನುಡಿಯ ಪತ್ರಿಕೆ ಸಿಗದ ಬೇಸರ, ಇವೆಲ್ಲ ನಮಗೆ ಗೊತ್ತಿರುವಂಥವೇ. ಆದಕಾರಣ ಅವನ ಮಜೂರಿಯಲ್ಲಿ ಐವತ್ತು ರೂಪಾಯಿ ಕಿತ್ತು ಗೆದ್ದೆವೆಂದುಕೊಳ್ಳುವುದರಲ್ಲಿ ದೊಡ್ಡಸ್ತಿಕೆಯಿಲ್ಲ. ನಮ್ಮ ಹಣ ನಿಜವಾಗಿ ಪೋಲಾಗುವ ಜಾಗಗಳು ಬೇರೆ ಇವೆ.

ಮೊದಲನೆಯದು, ತಡ. ಚಿಕ್ಕ ವಾಷರು ಸವೆದಾಗ ನಾವು ನಲ್ಲಿಯನ್ನು ಇನ್ನೂ ಬಿಗಿಯಾಗಿ ತಿರುಗಿಸುತ್ತೇವೆ. ಹತ್ತು ದಿನ ನಿಲ್ಲುತ್ತದೆ. ಆಮೇಲೆ ವಾಷರಿನ ಕೆಳಗಿನ ಹಿತ್ತಾಳೆಯ ಕೂರಿಕೆಯೇ ಕೊರೆದು ಹೋಗುತ್ತದೆ, ಸ್ಪಿಂಡಲಿನ ಮರೆ ಸವೆಯುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರಿನಲ್ಲಿ ಮುಗಿಯುತ್ತಿದ್ದುದಕ್ಕೆ ಪೂರ್ತಿ ನಲ್ಲಿಯನ್ನೇ ಕೊಳ್ಳಬೇಕಾಗುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತಂದಂತೆ ಇದು.

ಎರಡನೆಯದು, ಅರ್ಧಂಬರ್ಧ ಮಾತು. "ನಲ್ಲಿ ಕೆಟ್ಟಿದೆ, ಬನ್ನಿ" ಎಂದಷ್ಟೇ ಫೋನಿನಲ್ಲಿ ಹೇಳಿದರೆ ಅವನು ಏನು ತರಬೇಕು? ಬರಿಗೈಯಲ್ಲಿ ಬಂದು, ನೋಡಿ, ಅಂಗಡಿಗೆ ಹೋಗುತ್ತಾನೆ. ಆ ದಾರಿಯ ಖರ್ಚು ನಮ್ಮದೇ. ಗೋಡೆಯಿಂದ ಹೊರಬಂದು ನೀರು ಬಿಡುವುದು ಬಿಬ್ ಕಾಕ್. ನಡುವೆ ನಿಂತು ನೀರನ್ನು ತಡೆಯುವುದು ಸ್ಟಾಪ್ ಕಾಕ್. ಬೇಸಿನ್ನಿನ ಕೆಳಗೆ ಮೂಲೆಯಲ್ಲಿರುವುದು ಆಂಗಲ್ ಕಾಕ್. ಟ್ಯಾಂಕು ತುಂಬಿದಾಗ ತೇಲುಬುರುಡೆ ಮೇಲೆದ್ದು ನೀರು ನಿಲ್ಲಿಸುವುದು ಬಾಲ್ ಕಾಕ್. ಮನೆಯ ನಲ್ಲಿಗಳು ಸಾಮಾನ್ಯವಾಗಿ ಅರ್ಧ ಇಂಚು, ಅಂದರೆ ೧೫ ಮಿಲಿಮೀಟರಿನವು. ಮುಖ್ಯ ಪೈಪು ಮುಕ್ಕಾಲು ಇಂಚು ಇರಬಹುದು. ಈ ನಾಲ್ಕು ಹೆಸರು, ಎರಡು ಅಳತೆ ಗೊತ್ತಿದ್ದರೆ ಸಾಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಒಂದು ಫೋಟೋ ತೆಗೆದು ಕಳಿಸಿ, "ಇದಕ್ಕೆ ಬೇಕಾದ ಸಾಮಾನು ತಂದುಬಿಡಿ" ಎನ್ನಿ. ಅವನ ಅರ್ಧ ಗಂಟೆ ಉಳಿಯುತ್ತದೆ, ನಮ್ಮ ಹಣವೂ ಉಳಿಯುತ್ತದೆ.

ಮೂರನೆಯದು, ಹೊತ್ತು. ನೀರು ಬರುವ ಹೊತ್ತಿನಲ್ಲಿ ಕೆಲಸ ಇಟ್ಟುಕೊಂಡರೆ ಇಡೀ ಚಾಳಿನವರ ಜಗಳ ನಮ್ಮ ಬಾಗಿಲಿಗೆ ಬರುತ್ತದೆ. ರಾತ್ರಿ ಕರೆದರೆ ರಾತ್ರಿಯ ದರ. ಪೈಪು ಒಡೆದ ಕೂಡಲೆ ಮುಖ್ಯ ವಾಲ್ವನ್ನು ಮುಚ್ಚಿಬಿಟ್ಟರೆ ಬೆಳಗಿನವರೆಗೆ ಕಾಯಬಹುದು. ಆದರೆ ವರ್ಷಗಟ್ಟಲೆ ಮುಟ್ಟದ ವಾಲ್ವು ತುಕ್ಕು ಹಿಡಿದು ಬೇಕಾದ ದಿನ ತಿರುಗುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಅದನ್ನು ಮುಚ್ಚಿ ತೆರೆದು ನೋಡಿ. ಆ ವಾಲ್ವು ಎಲ್ಲಿದೆ ಎಂಬುದು ಮನೆಯ ಹೆಂಗಸರಿಗೂ ದೊಡ್ಡ ಮಕ್ಕಳಿಗೂ ಗೊತ್ತಿರಲಿ.

ನಾಲ್ಕನೆಯದು, ಅಗ್ಗದ ಸಾಮಾನು. ಅಗ್ಗವೆಂದು ಮುಗ್ಗಿದ ಜೋಳ ಕೊಂಡ ಹಾಗೆ, ಹಗುರವಾದ ಮಿಶ್ರಲೋಹಕ್ಕೆ ಬೆಳ್ಳಿಬಣ್ಣದ ಹೊಳಪು ಕೊಟ್ಟ ನಲ್ಲಿಯನ್ನು ತಂದು ವರ್ಷ ತುಂಬುವುದರೊಳಗೆ ಮತ್ತೆ ಮಜೂರಿ ಕೊಡುತ್ತೇವೆ. ನಲ್ಲಿಯ ಬೆಲೆಯಲ್ಲಿ ಉಳಿಸಿದ್ದು ಎರಡನೆಯ ಮಜೂರಿಯಲ್ಲಿ ಹೋಗುತ್ತದೆ. ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಕೈಯಲ್ಲಿ ಹಿಡಿದು ತೂಕ ನೋಡಿ. ಗ್ಯಾಲ್ವನೈಸ್ಡ್ ಕಬ್ಬಿಣದ ಪೈಪು ಕೊಳ್ಳುವಾಗ ಬಣ್ಣದ ಪಟ್ಟಿ ಗಮನಿಸಿ: ಹಳದಿ ಪಟ್ಟಿ ತೆಳು ದರ್ಜೆ, ನೀಲಿ ಮಧ್ಯಮ, ಕೆಂಪು ದಪ್ಪ. ನೀಲಿಯ ಹಣ ಕೊಟ್ಟು ಹಳದಿ ಮನೆಗೆ ತರಬಾರದು. ಪ್ಲಾಸ್ಟಿಕ್ ಪೈಪುಗಳಲ್ಲಿ ಬಿಸಿನೀರಿಗೆ ಸಿ.ಪಿ.ವಿ.ಸಿ. ಬೇಕು, ಸಾಮಾನ್ಯ ಪಿ.ವಿ.ಸಿ. ಶಾಖಕ್ಕೆ ಮೆತ್ತಗಾಗುತ್ತದೆ. ಸಾಮಾನನ್ನು ನಾವೇ ತಂದರೂ ಪ್ಲಂಬರನೇ ತಂದರೂ ಅಂಗಡಿಯ ಪಕ್ಕಾ ಬಿಲ್ಲು ಕೇಳಿ ಇಟ್ಟುಕೊಳ್ಳಿ. ಗ್ಯಾರಂಟಿ ಇರುವ ನಲ್ಲಿಗೆ ಆ ಕಾಗದವೇ ಆಧಾರ.

ಐದನೆಯದು, ಮುಂಚೆ ಕೇಳದಿರುವುದು. ಜಗಳಗಳಲ್ಲಿ ಹೆಚ್ಚಿನವು ಕೆಲಸ ಮುಗಿದ ಮೇಲೆ ಹುಟ್ಟುತ್ತವೆ. ಆದ್ದರಿಂದ ಪಾನಾ ಹಚ್ಚುವ ಮೊದಲು ಐದು ಪ್ರಶ್ನೆ ಕೇಳಿ. ಬಂದು ನೋಡುವುದಕ್ಕೆ ಬೇರೆ ಹಣವೇ, ಕೆಲಸ ಕೊಟ್ಟರೆ ಅದು ಮಜೂರಿಯಲ್ಲಿ ಸೇರುತ್ತದೆಯೇ? ಮಜೂರಿ ಕೆಲಸದ ಲೆಕ್ಕವೋ, ದಿನದ ಲೆಕ್ಕವೋ? ಸಾಮಾನು ಯಾರು ತರುತ್ತಾರೆ? ಗೋಡೆ, ಟೈಲು ಒಡೆಯಬೇಕಾದರೆ ಮತ್ತೆ ಮುಚ್ಚುವವರು ಯಾರು? ಹದಿನೈದು ದಿನದೊಳಗೆ ಅದೇ ಜಾಗ ಸೋರಿದರೆ ಹಣವಿಲ್ಲದೆ ಬಂದು ನೋಡುತ್ತೀರಾ? ಈ ಮಾತುಗಳನ್ನು ಜೋರು ದನಿಯಲ್ಲಿ ಕೇಳಬೇಕಾಗಿಲ್ಲ. ಕೂರಿಸಿ ನೀರು ಕೊಟ್ಟು ಕೇಳಿದರೂ ಉತ್ತರ ಬರುತ್ತದೆ. ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಯಾವುದು ಕೆಟ್ಟಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ, ಹಿತ್ತಾಳೆಯಾದರೆ ಗುಜರಿಯಲ್ಲಿ ನಾಲ್ಕು ಕಾಸೂ ಬರುತ್ತದೆ. ಕೆಲವರು ಬಿಲ್ಲಿನಲ್ಲಿ ಜಿ.ಎಸ್.ಟಿ. ಎಂದು ಸೇರಿಸುತ್ತಾರೆ. ನೋಂದಣಿ ಆಗದವರು ಅದನ್ನು ವಸೂಲು ಮಾಡುವಂತಿಲ್ಲ; ನಂಬರು ಕೇಳುವುದು ನಮ್ಮ ಹಕ್ಕು.

ಇಲ್ಲಿ ಪ್ಲಂಬರನ ಪರವಾಗಿ ಒಂದು ಮಾತು ಹೇಳಲೇಬೇಕು. ಹಳೆಯ ಕಟ್ಟಡಗಳ ಕಬ್ಬಿಣದ ಪೈಪಿನ ಸತುವಿನ ಲೇಪ ಹೋಗಿ ಒಳಗೆಲ್ಲ ತುಕ್ಕು ಕಟ್ಟಿರುತ್ತದೆ. ಒಂದು ಕೀಲು ಬಿಚ್ಚಲು ಹೋದರೆ ಪಕ್ಕದ ಮರೆ ಪುಡಿಯಾಗಿ ಬೀಳುತ್ತದೆ. "ನೀನೇ ಮುರಿದೆ" ಎಂದು ನಾವು ಕೂಗಾಡುತ್ತೇವೆ. ಅನೇಕ ಸಾರಿ ಅವನ ತಪ್ಪು ಅದರಲ್ಲಿ ಇರುವುದಿಲ್ಲ. ಆದ್ದರಿಂದ ಹಳೆಯ ಪೈಪಾದರೆ, "ಬಿಚ್ಚುವಾಗ ಮುಂದಿನ ತುಂಡು ಹೋದರೆ ಎಷ್ಟಾದೀತು" ಎಂಬುದನ್ನೂ ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಮನೆಯಲ್ಲೇ ಮಾಡಿಕೊಳ್ಳುವ ಕೆಲಸ ಯಾವುದು, ಕರೆಸಬೇಕಾದ ಕೆಲಸ ಯಾವುದು ಎಂದು ತಾವು ಕೇಳಬಹುದು. ಹಳೆಯ ಮಾದರಿಯ, ಹಲವು ಸುತ್ತು ತಿರುಗಿಸುವ ನಲ್ಲಿಯಾದರೆ ವಾಷರನ್ನು ಯಾರಾದರೂ ಬದಲಿಸಬಹುದು. ಮೊದಲು ವಾಲ್ವು ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಹೋಗಲು ಬಿಡಿ. ತಲೆಯ ಭಾಗವನ್ನು ಪಾನಾದಿಂದ ಬಿಚ್ಚಿ ಸ್ಪಿಂಡಲ್ ಎತ್ತಿ, ಕೆಳಗಿನ ಸವೆದ ವಾಷರು ತೆಗೆದು ಅದೇ ಅಳತೆಯದನ್ನು ಹಾಕಿ ಮತ್ತೆ ಬಿಗಿಯಿರಿ. ಕಾಲು ಸುತ್ತಿಗೆ ತೆರೆದುಕೊಳ್ಳುವ ಹೊಸ ನಲ್ಲಿಗಳಲ್ಲಿ ಸಾಮಾನ್ಯವಾಗಿ ಈ ವಾಷರು ಇರುವುದಿಲ್ಲ. ಒಳಗಿನ ಸ್ಪಿಂಡಲನ್ನೇ ಪೂರ್ತಿ ಬದಲಿಸಬೇಕು. ಮರೆಗೆ ಟೆಫ್ಲಾನ್ ಟೇಪು ಸುತ್ತುವಾಗ ಬಿಗಿಯುವ ದಿಕ್ಕಿನಲ್ಲೇ ಸುತ್ತಿ, ಇಲ್ಲದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಸಂಡಾಸಿನ ಫ್ಲಷ್ ಟ್ಯಾಂಕು ಸದ್ದಿಲ್ಲದೆ ಸೋರುತ್ತಿದೆಯೋ ಎಂದು ತಿಳಿಯಲು ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆ ಯಾರೂ ಬಳಸದೆ ನೋಡಿ. ಕೆಳಗೆ ನೀಲಿ ಕಂಡರೆ ಸೋರುತ್ತಿದೆ ಎಂದೇ ಅರ್ಥ. ಬಚ್ಚಲಿನಿಂದ ನಾತ ಬಂದರೆ ಮೊದಲು ಒಂದು ತಂಬಿಗೆ ನೀರು ಸುರಿಯಿರಿ. ನಹಾಣಿ ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ಗಟಾರದ ಗಾಳಿಯನ್ನು ತಡೆಯುವುದು. ಊರಿಗೆ ಹೋಗಿ ತಿಂಗಳು ಕಳೆದು ಬಂದಾಗ ಅದು ಆರಿ ಹೋಗಿರುತ್ತದೆ. ಆದರೆ ಗೋಡೆಯೊಳಗಿನ ಪೈಪು, ಗೀಸರಿನ ಜೋಡಣೆ, ಕಟ್ಟಡದ ಮುಖ್ಯ ಪೈಪು ಇವಕ್ಕೆ ಕೈ ಹಾಕಬೇಡಿ. ಅಲ್ಲಿ ಉಳಿಸಲು ಹೋದದ್ದಕ್ಕಿಂತ ಕೆಡಿಸುವುದೇ ಹೆಚ್ಚಾದೀತು.

ಇನ್ನು, ನಾವು ಕೊಡಬೇಕಾಗಿಯೇ ಇಲ್ಲದ ಖರ್ಚುಗಳ ವಿಚಾರ. ಇದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲ. ಮಹಾರಾಷ್ಟ್ರದ ಸಹಕಾರಿ ಗೃಹಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಹೊರಗಿನ ನೀರಿನ ಪೈಪು, ಪಂಪು, ಟ್ಯಾಂಕು, ಗಟಾರದ ಕೊಳವೆ, ಮಳೆನೀರಿನ ಸೋರಿಕೆ ಇವುಗಳ ದುರಸ್ತಿ ಸೊಸೈಟಿಯ ಖರ್ಚು. ಮನೆಯೊಳಗಿನ ಸಿಂಕು, ಸಂಡಾಸುಗಳ ಸೋರಿಕೆ ಆ ಸದಸ್ಯನ ಖರ್ಚು. ಮೇಲಿನ ಮನೆಯವರ ಬಚ್ಚಲು ಸೋರಿ ನಮ್ಮ ಸೂರು ಒದ್ದೆಯಾದರೆ, ಮೊದಲು ಸೋರಿಕೆ ಎಲ್ಲಿಂದ ಎಂದು ತಿಳಿಯಬೇಕು, ಆಮೇಲೆ ಯಾರ ಖರ್ಚು ಎಂಬ ಮಾತು. ಬಾಡಿಗೆಯ ಚಾಳಿನಲ್ಲಿ ಇರುವವರಿಗೆ ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಇದೆ. ಅದರ ೧೪ನೆಯ ಕಲಮಿನ ಪ್ರಕಾರ ಮನೆಯನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕನ ಹೊಣೆ. ಬರವಣಿಗೆಯಲ್ಲಿ ನೋಟೀಸು ಕೊಟ್ಟು ಹದಿನೈದು ದಿನದೊಳಗೆ ಅವನು ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ವರ್ಷಕ್ಕೆ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಮುರಿಯುವಂತಿಲ್ಲ. ಹಳೆಯ ಕಡಿಮೆ ಬಾಡಿಗೆಯವರಿಗೆ ಇದರಿಂದ ದೊಡ್ಡ ಹಣ ಬರಲಾರದು ನಿಜ. ಆದರೆ ನಾಲ್ಕಾರು ಮನೆಯವರು ಕೂಡಿ ಕಾಗದ ಬರೆದರೆ, ಒಬ್ಬೊಬ್ಬರೇ ಪಾಳಿಯಲ್ಲಿ ದಂಡ ತೆರುವುದು ತಪ್ಪುತ್ತದೆ. ಕಾಗದದ ಒಂದು ಪ್ರತಿ, ಪ್ಲಂಬರನ ರಸೀತಿ, ಎರಡನ್ನೂ ಜೋಪಾನವಾಗಿ ಇಡಿ.

ಹಣ ತೆಗೆದುಕೊಂಡು ಕೆಲಸ ಕೆಡಿಸಿ, ಕರೆದರೂ ಬಾರದವರ ಮೇಲೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರು ಕೊಡಬಹುದು. ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ರಸೀತಿ ಇಲ್ಲದ ದೂರಿಗೆ ಬಲ ಕಡಿಮೆ ಎಂಬುದು ನೆನಪಿರಲಿ.

ಕೊನೆಯದಾಗಿ, ಅತ್ಯಂತ ಮುಖ್ಯವಾದ ಒಂದು ಅರಿಕೆ. ಗಟಾರ ಕಟ್ಟಿಕೊಂಡಾಗ, ಸೆಪ್ಟಿಕ್ ಟ್ಯಾಂಕು ತುಂಬಿದಾಗ ಯಂತ್ರದ ಗಾಡಿಗೆ ಇಷ್ಟು, ಇಳಿಯುವ ಮನುಷ್ಯನಿಗೆ ಇಷ್ಟು ಎಂದು ಎರಡು ದರ ಹೇಳುವವರು ಇಂದಿಗೂ ಇದ್ದಾರೆ. ಮನುಷ್ಯನ ದರ ಕಡಿಮೆ ಇರುತ್ತದೆ. ಆ ಕಡಿಮೆ ದರಕ್ಕೆ ಒಪ್ಪಬೇಡಿ. ಆ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ತುಂಬಿರಬಹುದು. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗಿಗೆ ವಾಸನೆ ತಿಳಿಯುವ ಶಕ್ತಿಯೇ ಹೋಗುತ್ತದೆ, ಮನುಷ್ಯ ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಸಾಯುತ್ತಾನೆ. ರಕ್ಷಣೆಯ ಸಾಧನಗಳಿಲ್ಲದೆ ಹೀಗೆ ಮನುಷ್ಯನನ್ನು ಇಳಿಸುವುದು ೨೦೧೩ರ ಕಾಯಿದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಂಥ ಸಾವಿಗೆ ೨೦೧೪ರಲ್ಲಿ ಸುಪ್ರೀಂ ಕೋರ್ಟು ಹತ್ತು ಲಕ್ಷ ರೂಪಾಯಿ ಪರಿಹಾರ ವಿಧಿಸಿತ್ತು, ೨೦೨೩ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಕಾಯಿದೆ ಇರಲಿ ಬಿಡಲಿ, ನಮ್ಮ ಮನೆಯ ಕೊಳೆಗಾಗಿ ಇನ್ನೊಬ್ಬರ ಮನೆಯ ಮಗ ಗುಂಡಿಗೆ ಇಳಿಯಬಾರದು. ಸೊಸೈಟಿಯ ಸಭೆಯಲ್ಲಿ ಯಾರಾದರೂ "ಆಳು ಇಳಿಸಿದರೆ ಅಗ್ಗ" ಎಂದರೆ ನಮ್ಮವರು ಎದ್ದು ನಿಂತು ಬೇಡ ಎನ್ನಬೇಕು. ಯಂತ್ರದ ಗಾಡಿಯ ಹೆಚ್ಚಿನ ಹಣವನ್ನು ಮನೆಮನೆಗೆ ಹಂಚಿಕೊಂಡರೆ ತಲೆಗೆ ಬರುವುದು ಸ್ವಲ್ಪವೇ.

ಬಂಧುಗಳೆ, ಮಾತು ಬೆಳೆಯಿತು. ಸಂಘದ ಮುಂದೆ ಎರಡು ಸಣ್ಣ ಸೂಚನೆ ಇಟ್ಟು ಮುಗಿಸುತ್ತೇನೆ. ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಇರಲಿ. ಯಾರೇ ಮನೆಯಲ್ಲಿ ರಿಪೇರಿ ಮಾಡಿಸಿದರೂ ತಾರೀಖು, ಕೆಲಸ ಏನು, ಮಜೂರಿ ಎಷ್ಟು, ಸಾಮಾನಿಗೆ ಎಷ್ಟು, ಆರು ತಿಂಗಳ ಮೇಲೆ ಆ ಕೆಲಸ ಹೇಗಿದೆ ಎಂದು ಅದರಲ್ಲಿ ಬರೆಯಲಿ. ಒಂದು ವರ್ಷದಲ್ಲಿ ನಮ್ಮ ಪೇಟೆಯ ನ್ಯಾಯವಾದ ದರ ಏನೆಂಬುದು ಎಲ್ಲರಿಗೂ ತಿಳಿಯುತ್ತದೆ. ಊರಿಂದ ಹೊಸದಾಗಿ ಬಂದ ಹುಡುಗನೂ ಮೋಸ ಹೋಗುವುದಿಲ್ಲ, ಒಳ್ಳೆಯ ಕೆಲಸಗಾರನಿಗೂ ಕೆಲಸ ಸಿಗುತ್ತದೆ. ಎರಡನೆಯದಾಗಿ, ಒಂದು ಪೈಪ್ ಪಾನಾ, ಒಂದು ಸ್ಕ್ರೂ ಪಾನಾ, ಪೇಚಕಸ್ಸು, ನಾಲ್ಕು ಅಳತೆಯ ವಾಷರುಗಳು, ಟೆಫ್ಲಾನ್ ಟೇಪು ಇಷ್ಟನ್ನು ಒಂದು ಡಬ್ಬಿಯಲ್ಲಿಟ್ಟು, ಪುಸ್ತಕ ಕೊಡುವಂತೆಯೇ ಸಹಿ ಹಾಕಿಸಿಕೊಂಡು ಸದಸ್ಯರಿಗೆ ಎರಡು ದಿನದ ಮಟ್ಟಿಗೆ ಕೊಡೋಣ. ನೋಟ್‌ಬುಕ್ಕನ್ನು ನಾನು ತಂದಿದ್ದೇನೆ, ಅಧ್ಯಕ್ಷರ ಮೇಜಿನ ಮೇಲಿದೆ. ಈ ತಿಂಗಳು ಯಾರ ಮನೆಯಲ್ಲಿ ನಲ್ಲಿ ರಿಪೇರಿ ಆಗಿದೆಯೋ ಅವರು ಹೋಗುವ ಮೊದಲು ಒಂದು ಸಾಲು ಬರೆದು ಹೋಗಬೇಕೆಂದು ಪ್ರಾರ್ಥಿಸುತ್ತೇನೆ.